ಗೇರ್ ಮೇಷ್ಟ್ರ ಬುಶ್ಶು

ಗೇರ್ ಮೇಷ್ಟ್ರು ಎಂದರೆ ಅರ್ಧ ಊರಿಗೆ ಗೊತ್ತು. ಉಳಿದರ್ಧ ಊರು ಇನ್ನೂ ಗಾಡಿ ಓಡಿಸಲು ಕಲಿತಿಲ್ಲ, ಅಷ್ಟೇ. ಅವರೇನು ಶಾಲೆಯ ಮೇಷ್ಟ್ರಲ್ಲ. ಶಾಲೆಗೂ ಅವರಿಗೂ ಚಿಕ್ಕಂದಿನಲ್ಲೇ ಎಣ್ಣೆ ಸೀಗೆಕಾಯಿ. ಲಾರಿಯ ಕ್ಲೀನರ್ ಆಗಿ ಶುರುಮಾಡಿ, ಡ್ರೈವರ್ ಆಗಿ, ಸೊಂಟ ಇನ್ನು ಸಾಕು ಎಂದ ಮೇಲೆ ಒಂದು ಹಳೆಯ ಚಿಕ್ಕ ಕಾರು ಕೊಂಡರು. ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿ ಜನರಿಗೆ ಗಾಡಿ ಕಲಿಸಲು ಕೂತರು. ಅಂದಿನಿಂದ ಅವರ ಪಕ್ಕದಲ್ಲಿ ಕೂತು ಬೆವರದೆ ಎದ್ದು ಬಂದವರು ಕಡಿಮೆ.

ಸ್ಟೀರಿಂಗು, ಬ್ರೇಕು ಯಾರು ಬೇಕಾದರೂ ಕಲಿಸಬಹುದು, ಗೇರು ಹಾಗಲ್ಲ ಎನ್ನುವುದು ಅವರ ಸಿದ್ಧಾಂತ. ಮೊದಲ ದಿನ ಕಲಿಯುವವರನ್ನು ಪಕ್ಕದಲ್ಲಿ ಕೂರಿಸಿ, "ಕಣ್ಣು ಮುಚ್ಕೊಳ್ಳಿ" ಎನ್ನುತ್ತಿದ್ದರು. ತಾವು ಓಡಿಸುತ್ತ ಒಂದರಿಂದ ನಾಲ್ಕಕ್ಕೆ ಹೋಗಿ ಮತ್ತೆ ಇಳಿದು ಬಂದು, "ಈಗ ಯಾವ ಗೇರಲ್ಲಿದೀವಿ ಹೇಳಿ ನೋಡೋಣ" ಎಂದು ಕೇಳುವರು. ಒಬ್ಬರೂ ಸರಿಯಾಗಿ ಹೇಳಿದ್ದಿಲ್ಲ. ಅಷ್ಟು ಸದ್ದಿಲ್ಲದೆ, ಅಲುಗಾಟವಿಲ್ಲದೆ ಗೇರು ಬೀಳುತ್ತಿತ್ತು. "ನೂಕಬೇಡಿ, ಅದೇನು ಬಾಗಿಲಾ? ದಾರಿ ತೋರ್ಸಿ, ಅದೇ ಹೋಗುತ್ತೆ" ಎನ್ನುವುದೇ ಅವರ ಪಾಠ. ಯಾರಾದರೂ ಗೇರು ಕರಕರ ಎನ್ನಿಸಿ, ಗಾಡಿಯೇ ಸರಿಯಿಲ್ಲ ಎಂದರೋ, ಕೆಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಆ ಕಾರಿನೊಳಗೆ ಎಷ್ಟು ಸಲ ಕೇಳಿಬಂದಿದೆಯೋ ಲೆಕ್ಕವಿಲ್ಲ.

ಇಂಥ ಮೇಷ್ಟ್ರಿಗೆ ಮೂರನೇ ಗೇರು ಕೈ ಕೊಡತೊಡಗಿತು. ಎರಡರಿಂದ ತೆಗೆದು, ತುಸು ಪಕ್ಕಕ್ಕೆ ವಾಲಿಸಿ, ಮೇಲಕ್ಕೆ ಬಿಟ್ಟರೆ ಬೀಳಬೇಕಾದ ಗೇರು ಅರ್ಧಕ್ಕೆ ನಿಂತು ಕರ್ರ್ ಎನ್ನುತ್ತಿತ್ತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಕಣ್ಣು ಮುಚ್ಚಿಸುವ ಆಟವನ್ನು ಅವರು ಸದ್ದಿಲ್ಲದೆ ಕೈಬಿಟ್ಟರು. ಹೊಸದಾಗಿ ಸೇರಿದ್ದ ಬ್ಯಾಂಕಿನ ಕ್ಯಾಷಿಯರಮ್ಮ ಮಾತ್ರ ಒಂದು ದಿನ ಬಾಯಿ ತಪ್ಪಿ ಅಂದೇಬಿಟ್ಟರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಾನು ಹಾಕಿದ್ರೆ ಸುಮ್ನೆ ಬೀಳುತ್ತೆ. ನೀವು ಹಾಕ್ದಾಗ್ಲೇ ಯಾಕೆ ಹಿಂಗೆ ಕಿರುಚುತ್ತೆ?"

"ಹಳೇ ಗಾಡಿ ಅಲ್ವಾ, ಯಜಮಾನನ ಹತ್ರ ಸಲುಗೆ" ಎಂದು ಮೇಷ್ಟ್ರು ನಕ್ಕರು. ಆದರೆ ಅಂದು ಮನೆಗೆ ಬಂದವರೇ, ಬುಶ್ಶು ಹೋಗಿದೆ ಎಂದು ತೀರ್ಪು ಕೊಟ್ಟರು.

ಬುಶ್ಶು ಎಂದರೆ ಇಷ್ಟೇ. ಕಾರಿನ ಒಳಗೆ ನಮ್ಮ ಕೈಗೆ ಸಿಗುವ ಗೇರಿನ ಕಡ್ಡಿಯ ಬುಡ, ಕೆಳಗೆ ಒಂದು ರಾಡಿಗೆ ಸೇರುತ್ತದೆ. ರಾಡು ಮುಂದೆ ಹೋಗಿ ಗೇರ್ ಬಾಕ್ಸನ್ನು ಹಿಡಿಯುತ್ತದೆ. ರಾಡಿನ ಎರಡು ತುದಿಯಲ್ಲೂ ಒಂದೊಂದು ಕಣ್ಣು, ಕಣ್ಣಿನೊಳಗೆ ಒಂದೊಂದು ಬುಶ್ಶು. ನೋಡಲು ಹೊಲಿಗೆ ಮಿಷನ್ನಿನ ಬಾಬಿನ್ ಇದ್ದ ಹಾಗೆ, ನಡುವೆ ತಗ್ಗು, ಎರಡು ಕಡೆ ಅಂಚು. ಅದು ಸವೆದರೆ ಸಂದಿಯಲ್ಲಿ ಸಡಿಲ ಬಂದು ಗೇರು ದಾರಿ ತಪ್ಪುತ್ತದೆ. ಆ ಸಡಿಲಕ್ಕೆ ಮೆಕ್ಯಾನಿಕ್ಕುಗಳು 'ಆಟ' ಎನ್ನುತ್ತಾರೆ. ಆಟ ಬಂದಿದೆ ಎಂದರೆ ಬುಶ್ಶಿನ ಆಯಸ್ಸು ಮುಗಿಯಿತು ಎಂದರ್ಥ.

ಮೆಕ್ಯಾನಿಕ್ಕು ಹೊರಗಿನವನಲ್ಲ, ಮೇಷ್ಟ್ರ ಹೆಂಡತಿಯ ತಮ್ಮನೇ. ಕಾರಿನ ಕೆಳಗೆ ತೂರಿ, ರಾಡು ಹಿಡಿದು ಅಲುಗಿಸಿ, ಮೇಲೆದ್ದು ಸೀಟಿನಲ್ಲಿ ಕೂತು ಗೇರು ಹಾಕಿ ತೆಗೆದು ನೋಡಿದ.

"ಭಾವ, ಇದ್ರಲ್ಲಿ ಆಟಾನೇ ಇಲ್ಲ."

"ಸರಿಯಾಗಿ ನೋಡೋ."

"ನೋಡ್ದೆ ಭಾವ. ನೀವೇ ಒಂದ್ಸಲ ಹಾಕಿ."

ಮೇಷ್ಟ್ರು ಹಾಕಿದರು. ಕರ್ರ್ ಎಂದಿತು. "ನೋಡ್ದಾ?" ಎಂದು ಗೆದ್ದವರಂತೆ ತಿರುಗಿದರೆ, ಭಾಮೈದ ಗೇರನ್ನು ನೋಡುತ್ತಿರಲಿಲ್ಲ, ಅವರ ಕೈಯನ್ನು ನೋಡುತ್ತಿದ್ದ.

"ಭಾವ, ಕೈಯೇನಾದ್ರೂ ನೋಯ್ತಿದ್ಯಾ?"

"ಗಾಡಿ ತೋರ್ಸೋಕೆ ಬಂದ್ರೆ ಕೈ ನೋಡ್ತೀಯಲ್ಲೋ, ನೀನೇನು ಮೆಕ್ಯಾನಿಕ್ಕೋ ಜ್ಯೋತಿಷಿಯೋ?" ಎಂದು ಬೈದು, ಕಾರು ತಿರುಗಿಸಿಕೊಂಡು ಬಂದುಬಿಟ್ಟರು. ಕೆಲಸಗಳ್ಳ, ಸಣ್ಣ ಕೆಲಸ ಅಂದರೆ ಮೈಯಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದರು.

ಇಲ್ಲಿ ಒಂದು ಸಂಗತಿ ಹೇಳಬೇಕು. ಗಾಡಿ ಕಲಿಸುವವರಿಗೆ ಎರಡು ಸೀಟು. ಡ್ರೈವರ್ ಸೀಟಿನಲ್ಲಿ ಕೂತಾಗ ಗೇರಿಗೆ ಎಡಗೈ. ಪಕ್ಕದ ಸೀಟಿಗೆ ಬಂದು ಪಾಠ ಹೇಳುವಾಗ ಅದೇ ಗೇರಿಗೆ ಬಲಗೈ. ಡ್ರೈವರ್ ಸೀಟಿನಿಂದ ಕಿರುಚುವ ಮೂರನೇ ಗೇರು, ಪಕ್ಕದ ಸೀಟಿನಿಂದ ಇದೇ ಮೇಷ್ಟ್ರು ಹಾಕಿದರೆ ತೆಪ್ಪಗೆ ಬೀಳುತ್ತಿತ್ತು. ಬೇರೆ ಯಾರಿಗಾದರೂ ಅಲ್ಲೇ ತಲೆಗೆ ಹೊಳೆಯುತ್ತಿತ್ತು. ಮೇಷ್ಟ್ರು ಇದಕ್ಕೂ ಒಂದು ವಿವರಣೆ ಕಟ್ಟಿದರು: ತಾವು ಪಕ್ಕಕ್ಕೆ ಬಂದರೆ ಆ ಕಡೆ ಭಾರ ಬಿದ್ದು ರಾಡು ಒಂಚೂರು ಬಾಗುತ್ತದೆ, ಸವೆದ ಬುಶ್ಶು ಕಚ್ಚಿಕೊಳ್ಳುತ್ತದೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂವತ್ತು ವರ್ಷ ಗೇರು ಹಿಡಿದವರು ಹೇಳಿದರೆ ಎದುರಾಡುವವರಾದರೂ ಯಾರು?

ಹಟಕ್ಕೆ ಕಾರಣ ಅಹಂಕಾರ ಒಂದೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮೇಷ್ಟ್ರಿಗೆ ಒಬ್ಬ ಅಣ್ಣನಿದ್ದ. ಅವನೂ ಡ್ರೈವರೇ. ಅವನಿಗೆ ಮೊದಲು ಹೋದದ್ದು ಒಂದು ಕೈಯ ಹೆಬ್ಬೆರಳು ಮಾತ್ರ. ಆಮೇಲೆ ಆ ಕೈ, ಆಮೇಲೆ ಇನ್ನೊಂದು, ಆಮೇಲೆ ಕಾಲು, ಕಟ್ಟಕಡೆಗೆ ಮಾತು. ನೋವಿಲ್ಲ, ಜ್ವರವಿಲ್ಲ, ಬರೀ ಶಕ್ತಿ ಇಂಗಿಹೋಯಿತು. ಅವನ ಬಾಯಿಗೆ ಅನ್ನ ಹಾಕಿದವರು, ಮಗ್ಗುಲು ಬದಲಿಸಿದವರು ಮೇಷ್ಟ್ರು ಮತ್ತು ಅವರ ಹೆಂಡತಿ. ಅವನು ಹೋದ ಮೇಲೆ ಆ ಕಾಯಿಲೆಯ ಹೆಸರನ್ನು ಅವರ ಮನೆಯಲ್ಲಿ ಯಾರೂ ಎತ್ತಿದ್ದಿಲ್ಲ. ಹಾಗಾಗಿ ಮೇಷ್ಟ್ರ ಕಾರಿನಲ್ಲಿ ಬುಶ್ಶು ಹೋಗಿರಲೇಬೇಕಿತ್ತು. ಹೋಗದೆ ವಿಧಿಯಿರಲಿಲ್ಲ.

ರಜೆಯ ದಿನ ಬೆಳಿಗ್ಗೆ, ತಾವೇ ಕೊಂಡುತಂದ ಎರಡು ಹೊಸ ಬುಶ್ಶುಗಳನ್ನು ಜೇಬಿನಲ್ಲಿಟ್ಟುಕೊಂಡು, ಮನೆಯ ಮುಂದೆ ಕಾರಿಗೆ ಜಾಕ್ ಕೊಟ್ಟು, ಇಟ್ಟಿಗೆ ಕೊಟ್ಟು, ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದರು. ಬೋಲ್ಟು ಬಿಚ್ಚಲು ಬೇಕಾದ ಕೈ ಬೇರೆ, ಬಿದ್ದಿದ್ದು ಹೆಕ್ಕಲು ಬೇಕಾದ ಕೈ ಬೇರೆ. ಎರಡನ್ನೂ ಬಲಗೈಯೊಂದರಲ್ಲೇ ಮಾಡಿ ಅಂತೂ ರಾಡು ಹೊರಗೆ ತೆಗೆದರು. ಹಳೆಯ ಬುಶ್ಶುಗಳು ರಾಡಿನ ಕಣ್ಣಿಗೆ ಅಂಟಿ ಕೂತಿದ್ದವು. ಬ್ಲೇಡು ತಂದು ಕೊಯ್ದೇ ಕಿತ್ತರು.

ಕಿತ್ತ ಮೇಲೆ ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರು. ಕೊಯ್ದ ಗಾಯವೊಂದು ಬಿಟ್ಟರೆ ಅಂಚು ಅಂಚಿನ ಹಾಗೇ ಇತ್ತು, ತೂತು ಗುಂಡಗೇ ಇತ್ತು. ಬೋಲ್ಟು ತೂರಿಸಿ ಅಲ್ಲಾಡಿಸಿದರು. ಕೂದಲೆಳೆಯಷ್ಟೂ ಆಟವಿಲ್ಲ. ಇನ್ನೊಂದನ್ನು ನೋಡಿದರು. ಅದೂ ಹಾಗೇ. ಬೀದಿಯಲ್ಲಿ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡನ್ನೂ ಮನೆ ಮುಂದಿನ ಚರಂಡಿಗೆ ಎಸೆದು, "ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ, ಒಳಗೇ ಸವೆದಿರುತ್ತೆ" ಎಂದು ಗಟ್ಟಿಯಾಗಿ ಹೇಳಿಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಈಗ ಹೊಸದು ಹಾಕುವ ಸರದಿ. ಬಲಗೈಯಲ್ಲಿ ರಾಡು ಬಿಗಿಯಾಗಿ ಹಿಡಿದು, ಬುಶ್ಶಿನ ಅಂಚನ್ನು ಅದರ ಕಣ್ಣಿಗೆ ಇಟ್ಟು ಎಡ ಹೆಬ್ಬೆರಳಲ್ಲಿ ಒತ್ತಿದರು. ಅರ್ಧ ಒಳಗೆ ಹೋಯಿತು, ಬೆರಳು ತೆಗೆದೊಡನೆ ಪುಳಕ್ಕನೆ ವಾಪಸು ಬಂತು. ಗ್ರೀಸ್ ಹಚ್ಚಿದರು, ಮೊದಲು ಒಳಗಾದರೂ ಇಣುಕುತ್ತಿದ್ದುದು ಈಗ ಕೈಯಲ್ಲೇ ನಿಲ್ಲದೆ ಜಾರಿ ಓಡಿತು. ಕಾರಿನಡಿ ತೆವಳಿ ಹಿಡಿದು ತಂದರು. ಕುದಿಯುವ ನೀರಿಗೆ ಹಾಕಿ ಮೆತ್ತಗೆ ಮಾಡಿದರು. ಬೆರಳು ಸುಟ್ಟಿತು, ಬುಶ್ಶು ಬಗ್ಗಲಿಲ್ಲ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಅದು ಹಾರಿ ಬಾಗಿಲಿಗೆ ಬಡಿದು, ಹೊಸಿಲ ಮೇಲೆ ಎರಡು ಸುತ್ತು ಸುತ್ತಿ ಕೂತಿತು. ಕೊನೆಗೆ ಮಾರಿದ ಅಂಗಡಿಗೇ ಫೋನು ಮಾಡಿದರು.

"ಬೇರೆ ನಂಬರಿಂದು ಕೊಟ್ಟಿದೀರ ಕಣ್ರೀ. ತುಂಬಾ ಟೈಟು."

"ಟೈಟ್ ಇರೋದೇ ಅದರ ಗುಣ ಸಾರ್" ಎಂದು ಅಂಗಡಿಯವನು ನಕ್ಕ. "ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ, ಕೂರುತ್ತೆ. ನಮ್ಮ ಹುಡುಗೀರೇ ಹಾಕ್ಬಿಡ್ತಾರೆ."

ಮೇಷ್ಟ್ರು ಫೋನಿಟ್ಟು ತಮ್ಮ ಎಡ ಹೆಬ್ಬೆರಳನ್ನು ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಇರಬೇಕಾದ ಉಬ್ಬು ಯಾವಾಗ ಹೋಯಿತೋ, ಅಲ್ಲೊಂದು ತಗ್ಗು ಬಿದ್ದಿತ್ತು. ಅವರು ಗ್ರೀಸಿನ ಬಟ್ಟೆಯನ್ನು ಆ ಕೈಗೆ ಸುತ್ತಿಕೊಂಡು ಕೂತುಬಿಟ್ಟರು. ಹಳೆಯದನ್ನು ಕೊಯ್ದಾಗಿದೆ, ಹೊಸದು ಹೋಗುತ್ತಿಲ್ಲ, ಗೇರಿಲ್ಲದ ಕಾರು ಇಟ್ಟಿಗೆಯ ಮೇಲೆ ನಿಂತಿದೆ. ಭಾಮೈದನನ್ನು ಕರೆದರೆ ಅವನು ಮತ್ತೆ ಕೈ ನೋಡುತ್ತಾನೆ. ಕರೆಯದಿದ್ದರೆ ನಾಳೆ ಕ್ಯಾಷಿಯರಮ್ಮ ಬಂದು ಕಾರು ನೋಡುತ್ತಾರೆ. ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಅಳು ಬಂದ ಹಾಗಾಯಿತು, ಬುಶ್ಶಿನ ಮುಂದೆ ಅಳುವುದೆಂದರೇನು ಎಂದು ತಡೆದುಕೊಂಡರು.

ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಮೇಷ್ಟ್ರ ಹೆಂಡತಿ ಬೀದಿಯವರಿಗೆಲ್ಲ ಟೈಲರಮ್ಮ; ಮುಂದಿನ ಕೋಣೆಯಲ್ಲಿ ಶಾಲೆಯ ಯೂನಿಫಾರಂ ಹೊಲಿಯುವವರು. ಅವರ ಹತ್ತಿರ ಸಬೂಬು ನಡೆಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಮೇಷ್ಟ್ರು ತಡವಾಗಿ ಬಂದು ಪಂಕ್ಚರ್ ಆಗಿತ್ತು ಎಂದಾಗ, "ಎಲ್ಲಿ, ಆ ಟೈರು ತೋರ್ಸಿ" ಎಂದು ಟಾರ್ಚು ಹಿಡಿದು ಹೊರಗೆ ಬಂದವರು. ಉಪ್ಪು ಜಾಸ್ತಿಯಾದರೆ ಜಾಸ್ತಿಯಾಗಿದೆ, ಹೊಲಿಗೆ ಬಿಟ್ಟರೆ ಬಿಟ್ಟಿದೆ. ಯಾರಿಗೂ ಬೆಣ್ಣೆ ಹಚ್ಚಿ ಮಾತಾಡಿದವರಲ್ಲ.

"ಏನ್ರೀ, ಬೆಳಿಗ್ಗೆಯಿಂದ ಬಾಗಿಲು ಬಡೀತಿದೀರ?"

"ನಾನಲ್ಲ ಮಾರಾಯ್ತಿ, ಬುಶ್ಶು."

ಅವರು ರಾಡನ್ನೂ ಬುಶ್ಶನ್ನೂ ಎತ್ತಿಕೊಂಡು ಒಳಗೆ ಹೋಗಿ ಹೊಲಿಗೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಇಟ್ಟರು. ಹಿಂದುಮುಂದು ತಿರುಗಿಸಿ ನೋಡಿದರು. "ಇದರ ಅಂಚು ತಾನೇ ಆ ಕಡೆ ಹೋಗ್ಬೇಕಾದ್ದು? ನೂಕಿದ್ರೆ ಹೋಗಲ್ಲ. ಆ ಕಡೆಯಿಂದ ಎಳೀಬೇಕು" ಎಂದು, ಬ್ಯಾಗು ಹೊಲಿಯುವ ದಪ್ಪ ದಾರ ತೆಗೆದರು. ಬಿಸಿನೀರಿನಲ್ಲಿ ಅದ್ದಿ ತೆಗೆದ ಬುಶ್ಶಿನ ತಗ್ಗಿಗೆ, ಅಂಚಿನ ಕೆಳಗೆ ಬರುವ ಹಾಗೆ ದಾರ ಸುತ್ತಿ, ಎರಡು ತುದಿಯನ್ನೂ ರಾಡಿನ ಕಣ್ಣಿನೊಳಗಿಂದ ಆಚೆ ದಾಟಿಸಿದರು.

"ನೀವು ಈ ಕಡೆಯಿಂದ ಒತ್ತಿ ಹಿಡೀರಿ, ನಾನು ದಾರ ಎಳೀತೀನಿ."

ಮೇಷ್ಟ್ರು ಒತ್ತಿದರು. ಹೆಬ್ಬೆರಳು ಬುಶ್ಶಿನ ಮೇಲೆ ಕೂತಿತ್ತು, ಆದರೆ ಒತ್ತುತ್ತಿರಲಿಲ್ಲ. ಟೈಲರಮ್ಮ ಒಂದು ಕ್ಷಣ ಆ ಬೆರಳನ್ನು ನೋಡಿ, "ಇರ್ಲಿ, ನೀವು ದಾರ ಎಳೀರಿ, ನಾನು ಒತ್ತುತೀನಿ" ಎಂದರು. ಮೇಷ್ಟ್ರು ದಾರವನ್ನು ಎಡಗೈಗೆ ಸುತ್ತಿಕೊಂಡು ಎಳೆದರು. ಮುಷ್ಟಿ ಗಟ್ಟಿಯಾಗಿ ಮುಚ್ಚಲಿಲ್ಲ. ದಾರ ಬೆರಳ ಸಂದಿಯಿಂದ ನುಣ್ಣಗೆ ಜಾರಿ ಬಂತು. ಇನ್ನೊಂದು ಕೈಗೆ ಬದಲಾಯಿಸಬಹುದಿತ್ತು. ಬದಲಾಯಿಸಿದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ ಎಂದು ಅದೇ ಕೈಯಲ್ಲಿ ಮತ್ತೆ ಮತ್ತೆ ಎಳೆದರು, ದಾರ ಮತ್ತೆ ಮತ್ತೆ ಜಾರಿತು.

"ಗ್ರೀಸು" ಎಂದರು ಮೇಷ್ಟ್ರು.

ಟೈಲರಮ್ಮ ದಾರದ ತುದಿಯನ್ನು ತೆಗೆದುಕೊಂಡು ಮಿಷನ್ನಿನ ಕಬ್ಬಿಣದ ಕಾಲಿಗೆ ಗಂಟು ಹಾಕಿ, ಎರಡು ಕೈಯಲ್ಲೂ ರಾಡು ಹಿಡಿದು, ಹೆಬ್ಬೆರಳುಗಳಿಂದ ಬುಶ್ಶು ಒತ್ತುತ್ತ, ಇಡೀ ಮೈಭಾರ ಹಾಕಿ ಹಿಂದಕ್ಕೆ ವಾಲಿದರು. ಟಪ್ ಎಂದಿತು. ಅಂಚು ಆ ಕಡೆ ಅರಳಿ ಕೂತಿತ್ತು. ಇನ್ನೊಂದು ತುದಿಗೂ ಹಾಗೇ. ಮೇಷ್ಟ್ರಿಗೆ ಅಲ್ಲಿ ನಿಂತು ನೋಡುವುದರ ಹೊರತು ಬೇರೆ ಕೆಲಸವಿರಲಿಲ್ಲ. ಊರಿಗೇ ಗೇರು ಕಲಿಸಿದ ಮನುಷ್ಯ, ಹೆಂಡತಿಯ ಹೊಲಿಗೆ ಕೋಣೆಯಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದರು.

ರಾಡನ್ನು ಮತ್ತೆ ಕೂರಿಸುವಾಗಲೂ ಟೈಲರಮ್ಮ ಗೋಣಿಚೀಲದ ಮೇಲೆ ಪಕ್ಕದಲ್ಲೇ ಮಲಗಿ ಸ್ಪ್ಯಾನರು ಹಿಡಿದರು. ಮೇಷ್ಟ್ರು ಹೇಳಿದರು, ಅವರು ತಿರುಗಿಸಿದರು. ಎದ್ದು ಕೂತು ಗೇರಿನ ಕಡ್ಡಿಯನ್ನು ಅಲುಗಿಸಿದರೆ, ಅದು ಹೊಸ ಕಾರಿನ ಹಾಗೆ ಬಿಗಿಯಾಗಿ ನಿಂತಿತ್ತು. ಮೇಷ್ಟ್ರ ಮುಖ ಬೆಳಿಗ್ಗೆಯಿಂದ ಮೊದಲ ಸಲ ಅರಳಿತು.

"ಬಾ, ಒಂದು ಸುತ್ತು ಹೋಗಿಬರೋಣ. ನಿನ್ನ ತಮ್ಮನಿಗೆ ಹೇಳು, ಬುಶ್ಶು ಅಂದ್ರೆ ಏನು ಅಂತ."

ಟೈಲರಮ್ಮ ಕೈ ತೊಳೆದು ಬಂದು ಪಕ್ಕದ ಸೀಟಿನಲ್ಲಿ ಕೂತರು. ಅವರು ಗಾಡಿ ಕಲಿತವರಲ್ಲ. ಗೇರನ್ನು ಒಂದು ದಿನ ಮುಟ್ಟಿದವರೂ ಅಲ್ಲ. ಪಕ್ಕದ ಸೀಟಿನ ಪೆಡಲುಗಳಿಗೆ ತಾಗದಂತೆ ಕಾಲು ಮಡಿಸಿಕೊಂಡು ಕೂರುವುದೊಂದೇ ಅವರಿಗೆ ಗೊತ್ತಿದ್ದ ವಿದ್ಯೆ.

ಒಂದನೇ ಗೇರು ಬಿತ್ತು. ಎರಡೂ ಬಿತ್ತು. ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ಬಂದಾಗ ಮೇಷ್ಟ್ರು ಕ್ಲಚ್ಚು ಒತ್ತಿ, ಎರಡರಿಂದ ತೆಗೆದು, ಮೂರಕ್ಕೆ ವಾಲಿಸಿದರು. ಕರ್ರ್.

ಮತ್ತೆ ಹಾಕಿದರು. ಕೈ ಗೇರಿನ ಕಡ್ಡಿಯ ತಲೆಯ ಗುಬುಟಿನ ಮೇಲಿಂದ ಜಾರಿ ತೊಡೆಯ ಮೇಲೆ ಬಿತ್ತು. ಇನ್ನೊಮ್ಮೆ. ಬಿಗಿ ಬುಶ್ಶು ಸ್ವಲ್ಪ ಹೆಚ್ಚೇ ಬಲ ಕೇಳುತ್ತಿತ್ತು, ಮತ್ತು ಕೊಡಲು ಬಲ ಇರಲಿಲ್ಲ. ಅವರು ಮತ್ತೆ ಎರಡಕ್ಕೇ ಎಳೆದುಕೊಂಡರು. ಕಾರು ಎರಡನೇ ಗೇರಿನಲ್ಲೇ ಕಿರುಚುತ್ತ ಸಾಗಿತು. ಮೇಷ್ಟ್ರು ರಸ್ತೆಯನ್ನೇ ನೋಡುತ್ತಿದ್ದರು. ಹೆಂಡತಿ ಈಗ ಬಾಯಿ ಬಿಡುತ್ತಾಳೆ, ನೇರವಾಗಿ ಅಂದುಬಿಡುತ್ತಾಳೆ ಎಂದು ಕಾದರು.

"ಹೊಸಾದಲ್ವೇನ್ರೀ" ಎಂದರು ಟೈಲರಮ್ಮ. "ಬುಶ್ಶು ಇನ್ನೂ ಪಳಗಬೇಕೇನೋ. ನಾಲ್ಕು ದಿನ ಓಡಿಸಿದ್ರೆ ಸರಿಹೋಗುತ್ತೆ."

ಮೇಷ್ಟ್ರನ್ನು ಕರ್ರ್ ಎಂದ ಗೇರಿಗಿಂತ ಆ ಮಾತೇ ಹೆಚ್ಚು ಹೆದರಿಸಿತು. ಇಷ್ಟು ವರ್ಷದಲ್ಲಿ ಅವಳು ತಾನಾಗಿ ಒಂದು ಸಬೂಬು ಹುಡುಕಿ ಅವರ ಕೈಗೆ ಇಟ್ಟಿದ್ದಿಲ್ಲ.

"ನಿನ್ನ ತಮ್ಮ ಏನಂದ?" ಎಂದು ಕೇಳಿದರು.

ಟೈಲರಮ್ಮ ಕಿಟಕಿಯ ಕಡೆಗೆ ತಿರುಗಿದರು.

"ನಿಮ್ಮನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂದ."

"ಯಾವಾಗ ಅಂದ?"

"ಗೇರು ನೋಡಿದ ದಿನಾನೇ. ನಾನು ಹೇಳೋಕೆ ಬಾಯೇ ಬರ್ಲಿಲ್ಲ ರೀ. ಬುಶ್ಶೇ ಇರ್ಲಿ, ಬುಶ್ಶೇ ಇರ್ಲಿ ಅಂತ ನಾನೂ ಅಂದ್ಕೊಂಡೇ ಇದ್ದೆ."

ಮೇಷ್ಟ್ರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ಇನ್ನೂ ಒಂದು ಉಳಿದಿತ್ತು ಅವರ ಹತ್ತಿರ. ದಾರದಿಂದ ಎಳೆದು ಹಾಕಿದ್ದಲ್ಲವೇ, ಬುಶ್ಶು ಓರೆ ಕೂತಿರಬಹುದು. ಎರಡೂ ಓರೆ ಕೂತಿರಬಹುದು. ಹಾಗೇನಾದರೂ ಆಗಿದ್ದರೆ ಯಾರು ಹಾಕಿದರೂ ಗೇರು ಕಿರುಚಲೇಬೇಕು.

"ನಿನ್ನ ಕೈ ಇದರ ಮೇಲಿಡು" ಎಂದರು.

"ಅಯ್ಯೋ, ನನಗೆ ಬರಲ್ಲ ರೀ."

"ಬರೋದು ಬೇಡ. ಬರದಿದ್ರೇ ಒಳ್ಳೇದು. ನಾನು ಹಾಕು ಅಂದಾಗ ಈ ಕಡೆಗೆ ತಂದು ಮೇಲಕ್ಕೆ ನೂಕು. ಮೆತ್ತಗೆ ಬೇಡ, ಹೆಂಗೆ ಬರುತ್ತೋ ಹಂಗೆ."

ಮಿಷನ್ನಿನ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳುಗಳು ಗುಬುಟನ್ನು ಹಿಡಿದವು. ಮೇಷ್ಟ್ರು ಕ್ಲಚ್ಚು ಒತ್ತಿದರು. "ಹಾಕು" ಎಂದರು. ಸಾವಿರ ಜನ ಶಿಷ್ಯರ ಕೈಯಲ್ಲಿ ಯಾವ ಸದ್ದು ಬರಬಾರದು ಎಂದು ಬೈದಿದ್ದರೋ, ಆ ಸದ್ದು ಒಂದೇ ಒಂದು ಸಲ ಬರಲಿ ಎಂದು ಕಿವಿಗೊಟ್ಟು ಬೇಡಿಕೊಂಡರು. ಮೂರನೇ ಗೇರು ಸದ್ದಿಲ್ಲದೆ ಬಿತ್ತು.